ಮರ ಸ್ವಂತದ್ದು, ಲೆಕ್ಕ ಎಲ್ಲರದು

(ಗರಗಸದ ಗಿರಣಿಗಳ ಕೆಲಸಗಾರರೂ ಪೇಟೆಯ ಚಿಲ್ಲರೆ ವರ್ತಕರೂ ಸೇರಿದ್ದ ಭಾನುವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಹೋದ ವಾರ ಗಿರಣಿಯ ಎದುರಿನ ಚಹಾದಂಗಡಿಯಲ್ಲಿ ನಾವು ಕುಳಿತಿದ್ದಾಗ ಎರಡು ಮಾತು ಕಿವಿಗೆ ಬಿದ್ದವು. ಇಪ್ಪತ್ತು ವರ್ಷ ಗರಗಸಕ್ಕೆ ದಿಮ್ಮಿ ತಳ್ಳಿದ ಹಿರಿಯರೊಬ್ಬರು, "ಮೇಷ್ಟ್ರೇ, ಕಾಡೂ ನಮ್ಮದಲ್ಲ, ಮರವೂ ನಮ್ಮದಲ್ಲ. ಮಾಲೀಕ ಕಡಿಸುತ್ತಾನೆ, ನಾವು ಕೊಯ್ಯುತ್ತೇವೆ. ಉಳಿದರೆ ಉಳಿಯಿತು, ಅಳಿದರೆ ಅಳಿಯಿತು, ನಮಗ್ಯಾಕೆ ಆ ಉಸಾಬರಿ?" ಎಂದರು. ಪಕ್ಕದಲ್ಲಿ ಕುಳಿತಿದ್ದ ಬಾಗಿಲು-ಕಿಟಕಿ ಚೌಕಟ್ಟಿನ ವ್ಯಾಪಾರಿಗಳು, "ಅದಿರಲಿ. ನನ್ನ ಜಮೀನಿನ ಮರ ನಾನು ಕಡಿಯಲು ಇನ್ನೊಬ್ಬರ ಅಪ್ಪಣೆ ಯಾಕೆ? ಮರ ನನ್ನದು, ಕೊಡಲಿ ನನ್ನದು" ಎಂದರು.

ಇಬ್ಬರೂ ತಮಾಷೆಗೆ ಹೇಳಿದ ಮಾತಲ್ಲ ಅದು. ಒಬ್ಬರದು ಕೂಲಿಯ ಪ್ರಶ್ನೆ, ಇನ್ನೊಬ್ಬರದು ಒಡೆತನದ ಪ್ರಶ್ನೆ. ಎರಡಕ್ಕೂ ಚಹಾ ಆರುವುದರೊಳಗೆ ಉತ್ತರ ಹೇಳಲು ನಮ್ಮಿಂದ ಆಗಲಿಲ್ಲ. ಆದುದರಿಂದ ಇಂದಿನ ಕೂಟದಲ್ಲಿ ಅದನ್ನೇ ವಿಷಯವಾಗಿ ಇಟ್ಟುಕೊಂಡಿದ್ದೇವೆ. ಖಾಸಗಿಯವರ ಕೈಯಲ್ಲಿರುವ ನಾಟಾದ ಕಾಡನ್ನು ಕಡಿಯುತ್ತಲೇ ಉಳಿಸಿಕೊಳ್ಳುವುದು ಸಾಧ್ಯವೆ? ಸಾಧ್ಯವಾದರೆ ಯಾವ ಏರ್ಪಾಟಿನಿಂದ? ಇದನ್ನು ಬರಿಯ ಊಹೆಯಿಂದ ಹೇಳುವುದಿಲ್ಲ. ನೂರಿಪ್ಪತ್ತು ವರ್ಷಗಳಿಂದ ಇದನ್ನು ಮಾಡಿ ನೋಡಿದ ಒಂದು ದೇಶದ ಕಥೆಯನ್ನು ಮುಂದಿಡುತ್ತೇವೆ. ಆ ದೇಶ ಸ್ವೀಡನ್. ಅದರ ಗೆಲುವನ್ನೂ ಹೇಳುತ್ತೇವೆ, ಅದರ ತಪ್ಪನ್ನೂ ಹೇಳುತ್ತೇವೆ.

ಅಸಲು ಮತ್ತು ಬಡ್ಡಿ

ಮೊದಲು ಲೆಕ್ಕದ ಮಾತು. ಇಲ್ಲಿರುವ ವರ್ತಕರಿಗೆ ಇದು ಹೊಸದೇನಲ್ಲ. ಅಂಗಡಿಯ ಅಸಲನ್ನು ಮುಟ್ಟದೆ ಲಾಭದಲ್ಲಿ ಸಂಸಾರ ನಡೆಸುವವನ ಅಂಗಡಿ ಮಗನ ಕಾಲಕ್ಕೂ ಇರುತ್ತದೆ. ಅಸಲನ್ನೇ ತಿಂದು ಹಬ್ಬ ಮಾಡಿದವನು ಮೂರನೆಯ ವರ್ಷ ಬಾಗಿಲು ಹಾಕುತ್ತಾನೆ. ಕಾಡಿನ ಲೆಕ್ಕವೂ ಇಷ್ಟೆ. ನಿಂತ ಮರ ಅಸಲು. ವರ್ಷವರ್ಷವೂ ಆ ಮರಗಳೆಲ್ಲ ಸೇರಿ ದಪ್ಪವಾಗುವ, ಎತ್ತರವಾಗುವ ಪ್ರಮಾಣ ಬಡ್ಡಿ. ಬಡ್ಡಿಯಷ್ಟನ್ನು ಕಡಿದರೆ ಕಾಡು ಉಳಿಯುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬರಲ್ಲಿ ಅರವತ್ತು ಎಕರೆ ಮರದ ತೋಪಿದೆ ಎನ್ನಿ. ಆ ಜಾತಿಯ ಮರ ಬಲಿಯಲು ಅರವತ್ತು ವರ್ಷ ಬೇಕು ಎನ್ನಿ. ವರ್ಷಕ್ಕೆ ಒಂದು ಎಕರೆ ಕಡಿದು, ಕಡಿದ ಎಕರೆಯಲ್ಲಿ ಕೂಡಲೆ ಸಸಿ ನೆಟ್ಟರೆ, ಅರವತ್ತನೆಯ ಎಕರೆಯನ್ನು ಮುಗಿಸುವ ಹೊತ್ತಿಗೆ ಮೊದಲನೆಯ ಎಕರೆ ಮತ್ತೆ ಬಲಿತು ನಿಂತಿರುತ್ತದೆ. ಗರಗಸಕ್ಕೆ ಎಂದೂ ಬಿಡುವಿಲ್ಲ, ಕಾಡಿಗೆ ಎಂದೂ ಅಳಿವಿಲ್ಲ. ಆದರೆ ವರ್ಷಕ್ಕೆ ಮೂರು ಎಕರೆ ಕಡಿದರೆ? ಇಪ್ಪತ್ತು ವರ್ಷ ಭರ್ಜರಿ ಸಂಪಾದನೆ. ಅದಾದ ಮೇಲೆ ನಲವತ್ತು ವರ್ಷ ಬಲಿತ ಮರವಿಲ್ಲ. ಈ ನಲವತ್ತು ವರ್ಷ ಯಾರು ಉಪವಾಸ ಬೀಳುತ್ತಾರೆ? ಮಾಲೀಕನಿಗೆ ಅಷ್ಟು ಹೊತ್ತಿಗೆ ಬೇರೆ ಊರಿನಲ್ಲಿ ಬೇರೆ ಬಂಡವಳ ಇರುತ್ತದೆ. ಗರಗಸದ ಮುಂದೆ ನಿಂತವನಿಗೆ ಇರುವುದು ಎರಡು ಕೈ ಮಾತ್ರ. ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಸಿಕ್ಕಿತು.

ಕಾಡಿನ ಕೆಲಸವೆಂದರೆ ನೆಡುವುದು ಮತ್ತು ಕಡಿಯುವುದು ಎರಡೇ ಅಲ್ಲ. ಸಸಿಗಳನ್ನು ಮೊದಲು ಒತ್ತಾಗಿ ನೆಡುತ್ತಾರೆ, ನೇರವಾಗಿ ಮೇಲೇಳಲಿ ಎಂದು. ಬೆಳೆದ ಮೇಲೆ ಒಂದಕ್ಕೊಂದು ಬೆಳಕು, ನೀರು ಸಾಲದೆ ಸೊರಗುತ್ತವೆ. ಆಗ ಡೊಂಕಾದವನ್ನೂ ಬಡಕಲಾದವನ್ನೂ ತೆಗೆದು ಒಳ್ಳೆಯವಕ್ಕೆ ಜಾಗ ಬಿಡಿಸಬೇಕು. ಹೀಗೆ ಎರಡು ಮೂರು ಸಲ ಬಿಡಿಸುವುದುಂಟು. ತೆಗೆದ ಸಣ್ಣ ಮರ ಕಾಗದದ ಗಿರಣಿಗೆ, ಕಂಬಕ್ಕೆ, ಸೌದೆಗೆ ಹೋಗುತ್ತದೆ. ಕೊನೆಗೆ ಉಳಿದ ದೊಡ್ಡ ಮರ ಗರಗಸಕ್ಕೆ ಬರುತ್ತದೆ. ನಮ್ಮ ರಾಗಿ ಹೊಲದಲ್ಲಿ ಪೈರು ಒತ್ತಾದಾಗ ಕುಂಟೆ ಹೊಡೆಯುವುದಿಲ್ಲವೆ? ಇದೂ ಅದೇ, ಕಾಲ ಮಾತ್ರ ಉದ್ದ.

ಈ ಲೆಕ್ಕದ ವಿಚಾರ ಹಳೆಯದು. 1713ರಲ್ಲಿ ಜರ್ಮನಿಯ ಸ್ಯಾಕ್ಸನಿ ಸೀಮೆಯ ಗಣಿ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಎಂಬವನು ಇದರ ಮೇಲೆ ಒಂದು ದೊಡ್ಡ ಪುಸ್ತಕ ಬರೆದನು. ಅವನಿಗೆ ಕಾಡಿನ ಮೇಲೆ ಕವಿಯ ಪ್ರೀತಿ ಇತ್ತೆಂದಲ್ಲ. ಬೆಳ್ಳಿ ಗಣಿಗೆ ಆಸರೆಯ ಮರ ಬೇಕು, ಅದಿರು ಕರಗಿಸುವ ಕುಲುಮೆಗೆ ಇದ್ದಿಲು ಬೇಕು. ಸುತ್ತಲಿನ ಕಾಡು ಮುಗಿಯುತ್ತ ಬಂದಿತ್ತು. ಕಾಡು ಮುಗಿದರೆ ಗಣಿ ಮುಚ್ಚುತ್ತದೆ ಎಂಬ ಭಯ ಅವನಿಂದ ಆ ಪುಸ್ತಕ ಬರೆಸಿತು. ಅದೇ ಜರ್ಮನಿಯಿಂದ ಬಂದ ಡೀಟ್ರಿಚ್ ಬ್ರಾಂಡಿಸ್ 1864ರಲ್ಲಿ ಬ್ರಿಟಿಷ್ ಇಂಡಿಯಾದ ಮೊದಲ ಅರಣ್ಯ ಮಹಾನಿರೀಕ್ಷಕನಾದನು. ನಮ್ಮ ಸರಕಾರಿ ಕಾಡುಗಳಿಗೆ ಈ ಲೆಕ್ಕದ ಪದ್ಧತಿ ಬಂದದ್ದು ಹಾಗೆ. ಆದರೆ ಅದು ಸರಕಾರದ ಕಾಡಿನ ಲೆಕ್ಕ. ಸರಕಾರ ಒಬ್ಬನೇ ಒಡೆಯ, ಹೇಳಿದ್ದನ್ನು ಮಾಡಿಸುವ ಬಲ ಅದಕ್ಕುಂಟು. ಲಕ್ಷಾಂತರ ಸಣ್ಣ ಒಡೆಯರಿರುವ ಕಡೆ ಲೆಕ್ಕ ಇಡುವವರು ಯಾರು? ಈ ಪ್ರಶ್ನೆಯನ್ನು ಎದುರಿಸಿದ ದೇಶಗಳಲ್ಲಿ ಸ್ವೀಡನ್ ಮುಖ್ಯವಾದುದು. ಅದಕ್ಕಾಗಿಯೇ ಅಲ್ಲಿಗೆ ಹೋಗುತ್ತಿದ್ದೇವೆ.

ಗರಗಸದ ದಣಿಗಳ ಕಾಲ

ಸ್ವೀಡನ್ ಯುರೋಪಿನ ಬಡಗಣ ತುದಿಯ ದೇಶ. ನೆಲದ ಸುಮಾರು ಮೂರರಲ್ಲಿ ಎರಡು ಪಾಲು ಕಾಡು. ಹೆಚ್ಚಿನದು ಸೂಜಿಯಂಥ ಎಲೆಯ ಸ್ಪ್ರೂಸ್ ಮತ್ತು ಪೈನ್ ಮರ. 1849ರಲ್ಲಿ ಅಲ್ಲಿನ ಸುಂಡ್ಸ್‌ವಾಲ್ ಎಂಬ ರೇವುಪಟ್ಟಣದ ಬಳಿ ಟುನಾಡಾಲ್ ಎಂಬಲ್ಲಿ ಉಗಿಯಿಂದ ನಡೆಯುವ ಗರಗಸದ ಗಿರಣಿ ಹುಟ್ಟಿತು. ಇಂಗ್ಲೆಂಡಿನಲ್ಲಿ ಹಲಗೆಗೆ ಬೇಡಿಕೆ ಏರುತ್ತಿತ್ತು. ನೋಡುತ್ತಿದ್ದಂತೆ ಆ ಕರಾವಳಿಯ ಉದ್ದಕ್ಕೂ ಹೊಗೆಕೊಳವೆಗಳು ಎದ್ದವು.

ಕಾಡು ಯಾರದು? ಬಹುಪಾಲು ರೈತರದು. ರೈತನಿಗೆ ತನ್ನ ಕಾಡಿನ ಬೆಲೆ ಗೊತ್ತಿರಲಿಲ್ಲ. ಕಂಪನಿಯ ದಲ್ಲಾಳಿ ಬಂದು ದೀರ್ಘಕಾಲದ ಕಡಿತದ ಹಕ್ಕನ್ನು ಅಲ್ಪಸ್ವಲ್ಪ ಹಣಕ್ಕೆ ಬರೆಸಿಕೊಂಡು ಹೋದನು. ಆಮೇಲೆ ಜಮೀನನ್ನೇ ಕೊಂಡುಕೊಂಡನು. ನಿನ್ನೆ ತನ್ನ ಕಾಡಿಗೆ ಒಡೆಯನಾಗಿದ್ದವನು ಇಂದು ಅದೇ ಕಾಡಿನಲ್ಲಿ ಕಂಪನಿಯ ಕೂಲಿಯಾದನು. ಕಡಿದ ರೀತಿಯಾದರೂ ಹೇಗೆ? ಮೊದಲು ಅತಿ ದಪ್ಪದ ಮರಗಳನ್ನು ಆರಿಸಿ ಕಡಿದರು. ಅವು ಮುಗಿದ ಮೇಲೆ ಅದಕ್ಕಿಂತ ಸಣ್ಣವು. ಅವೂ ಮುಗಿದ ಮೇಲೆ ಇನ್ನೂ ಸಣ್ಣವು. ಕಡೆಗೆ ಉಳಿದದ್ದು ಬಡಕಲು ಮರಗಳ ತೆಳ್ಳನೆಯ ಕಾಡು. ದೂರದಿಂದ ನೋಡಿದರೆ ಹಸಿರು, ಒಳಗೆ ಹೋದರೆ ನಾಟಾ ಇಲ್ಲ. ಅಲ್ಲಿನ ಅರಣ್ಯದವರು ಮುಂದೆ ಇಂಥ ಕಾಡುಗಳಿಗೆ "ಹಸಿರು ಸುಳ್ಳು" ಎಂದು ಹೆಸರಿಟ್ಟರು.

ಗಿರಣಿಯ ಕೆಲಸಗಾರರು ಈ ಸಂಪತ್ತಿನಲ್ಲಿ ಏನು ಕಂಡರು? 1879ರಲ್ಲಿ ಹಲಗೆಯ ಬೆಲೆ ಇಳಿಯಿತೆಂದು ಸುಂಡ್ಸ್‌ವಾಲಿನ ಮಾಲೀಕರು ಕೂಲಿ ಕಡಿತ ಮಾಡಿದರು. ಸುಮಾರು ಐದು ಸಾವಿರ ಕೆಲಸಗಾರರು ಗರಗಸ ನಿಲ್ಲಿಸಿ ಹೊರಬಂದರು. ಆ ದೇಶದ ಮೊದಲ ದೊಡ್ಡ ಮುಷ್ಕರ ಅದು. ಸರಕಾರ ಸೈನ್ಯ ಕಳಿಸಿತು, ತೋಪಿನ ಹಡಗುಗಳನ್ನು ರೇವಿಗೆ ತಂದು ನಿಲ್ಲಿಸಿತು. ಕಂಪನಿಯ ಮನೆಗಳಿಂದ ಸಂಸಾರಗಳನ್ನು ಹೊರಗೆ ಹಾಕಿದರು. ಮುಷ್ಕರ ಮುರಿಯಿತು. ಕೆಲಸಗಾರನ ಬೆನ್ನನ್ನೂ ಕಾಡಿನ ಬೆನ್ನನ್ನೂ ಮುರಿದ ಕೈ ಒಂದೇ ಎಂಬುದನ್ನು ನಾವು ಮರೆಯಬಾರದು.

ಮೂರು ಕಟ್ಟುಪಾಡು

ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಆ ದೇಶಕ್ಕೆ ಭಯ ಹತ್ತಿತು. ಕಾಡು ಹೋದರೆ ರೈತನೂ ಹೋದ, ಗಿರಣಿಯೂ ಹೋಯಿತು. ಆಗ ಅವರು ಮಾಡಿದ ಕೆಲಸಗಳಲ್ಲಿ ಮೂರನ್ನು ನಾವು ವಿಶೇಷವಾಗಿ ನೋಡತಕ್ಕದ್ದು.

ಮೊದಲನೆಯದು, ಹೊಣೆ. 1903ರ ಕಾಯಿದೆ ಒಂದು ಸರಳವಾದ ಮಾತನ್ನು ಹೇಳಿತು: ಖಾಸಗಿ ಕಾಡನ್ನು ಕಡಿದವನು ಅಲ್ಲಿ ಮತ್ತೆ ಕಾಡು ಏಳುವಂತೆ ಮಾಡತಕ್ಕದ್ದು. ಮರ ನಿನ್ನದು, ಕಡಿಯುವ ಹಕ್ಕೂ ನಿನ್ನದು, ಆದರೆ ನೆಲವನ್ನು ಬೋಳುಮಾಡಿ ಬಿಟ್ಟುಹೋಗುವ ಹಕ್ಕು ನಿನಗಿಲ್ಲ. ಇದನ್ನು ನೋಡಿಕೊಳ್ಳಲು 1905ರಿಂದ ಜಿಲ್ಲೆಗೊಂದು ಅರಣ್ಯ ಪೋಷಣೆಯ ಮಂಡಲಿಯನ್ನು ಮಾಡಿದರು. ಈ ಮಂಡಲಿಯವರು ದಂಡ ಹಾಕಲು ಮಾತ್ರ ಬಂದವರಲ್ಲ. ರೈತನಿಗೆ ಬೀಜ, ಸಸಿ ಒದಗಿಸಿದರು, ಯಾವ ಮರ ಬಿಡಿಸಬೇಕು ಎಂದು ಜೊತೆಯಲ್ಲಿ ನಡೆದು ತೋರಿಸಿದರು. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಸಸಿ ನೆಡಿಸಿದರು. ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರಾದ ನಮಗೆ ಇದು ಬಹಳ ಹಿಡಿಸಿದ ಸಂಗತಿ. ನಾವೂ ವನಮಹೋತ್ಸವದಲ್ಲಿ ಮಕ್ಕಳಿಂದ ಸಸಿ ನೆಡಿಸಿದ್ದೇವೆ. ಮಾರನೆಯ ವರ್ಷ ಅದೇ ಗುಂಡಿಯಲ್ಲಿ ಮತ್ತೆ ನೆಡಿಸಿದ್ದೇವೆ. ಮಧ್ಯದಲ್ಲಿ ನೀರು ಹಾಕುವವರು ಯಾರು ಎಂದು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಈಗಲೂ ಆ ಹೊಣೆ ಜಾರಿಯಲ್ಲಿದೆ. ಅರ್ಧ ಹೆಕ್ಟೇರಿಗಿಂತ, ಅಂದರೆ ಸುಮಾರು ಒಂದೂಕಾಲು ಎಕರೆಗಿಂತ ಹೆಚ್ಚು ಕಾಡನ್ನು ಪೂರ್ತಿ ಕಡಿಯುವವನು ಆರು ವಾರ ಮುಂಚೆ ಇಲಾಖೆಗೆ ತಿಳಿಸಬೇಕು. ಕಡಿದ ಮೇಲೆ ಮೂರು ವರ್ಷದೊಳಗೆ ಮರಳಿ ನೆಡಬೇಕು, ಇಲ್ಲವೆ ಬೀಜ ಬಿದ್ದು ಕಾಡು ಏಳುವ ಏರ್ಪಾಟು ಮಾಡಿರಬೇಕು. ಎಳೆಯ ಕಾಡನ್ನು ಹಣದ ಅವಸರಕ್ಕೆ ಕಡಿಯುವಂತಿಲ್ಲ. ಸೂಜಿಯೆಲೆಯ ಕಾಡಿಗೆ ನೆಲದ ಗುಣಕ್ಕೆ ತಕ್ಕಂತೆ ನಲವತ್ತೈದರಿಂದ ನೂರು ವರ್ಷದವರೆಗೆ ಕನಿಷ್ಠ ವಯಸ್ಸು ನಿಗದಿಯಾಗಿದೆ.

ಎರಡನೆಯದು, ಒಡೆತನದ ಕಾವಲು. 1906ರಲ್ಲಿ ಒಂದು ಕಾಯಿದೆ ಬಂದು, ಬಡಗಣ ಸೀಮೆಯಲ್ಲಿ ಕಂಪನಿಗಳು ರೈತರ ಜಮೀನು ಕೊಳ್ಳುವುದನ್ನು ತಡೆಯಿತು. ಎಷ್ಟು ದೊಡ್ಡ ಮಾತು ನೋಡಿ. ದುಡ್ಡಿದ್ದವನು ಏನನ್ನಾದರೂ ಕೊಳ್ಳಬಹುದು ಎಂಬ ಕಾಲದಲ್ಲಿ, ಕಾಡನ್ನು ಕೊಳ್ಳಬಾರದು ಎಂದು ಗೆರೆ ಎಳೆದರು. ವ್ಯಕ್ತಿಗಳಿಂದ ಕಂಪನಿಗಳಿಗೆ ಜಮೀನು ಹೋಗುವುದರ ಮೇಲಿನ ನಿರ್ಬಂಧ ಆ ದೇಶದ ಕಾನೂನಿನಲ್ಲಿ ಇಂದಿಗೂ ಇದೆ. ಅದಕ್ಕೇ ಇಂದೂ ಆ ದೇಶದ ಸುಮಾರು ಅರ್ಧದಷ್ಟು ಕಾಡು ಕುಟುಂಬಗಳ ಕೈಯಲ್ಲಿದೆ. ಇಂಥ ಒಡೆಯರು ಸುಮಾರು ಮೂರು ಲಕ್ಷ ಮಂದಿ.

ಮೂರನೆಯದು, ಅಳತೆ. ಕಾಡಿನಲ್ಲಿ ಎಷ್ಟು ಮರವಿದೆ, ಎಷ್ಟು ಬೆಳೆಯುತ್ತಿದೆ ಎಂಬುದು ಗೊತ್ತಿಲ್ಲದೆ ಬಡ್ಡಿಯ ಲೆಕ್ಕ ಹಾಕುವುದು ಹೇಗೆ? 1923ರಲ್ಲಿ ಇಡೀ ದೇಶದ ಕಾಡಿನ ಎಣಿಕೆ ಪ್ರಾರಂಭವಾಯಿತು. ನೆಟ್ಟಗೆ ಗೆರೆ ಎಳೆದಂತೆ ಕಾಡು, ಬೆಟ್ಟ, ಜೌಗು ಎಲ್ಲವನ್ನೂ ಹಾದು ನಡೆಯುತ್ತ, ದಾರಿಯಲ್ಲಿ ಸಿಕ್ಕಿದ ಮರಗಳನ್ನು ಅಳೆದು ಬರೆದರು. ಅದು ಅಂದಿನಿಂದ ಮುಂದುವರಿದಿದೆ. ಈ ಎಣಿಕೆಯಿಂದಲೇ ನಮಗೆ ಒಂದು ಸಂಗತಿ ಗೊತ್ತಾಗಿದೆ: 1920ರ ದಶಕದಲ್ಲಿ ಇದ್ದುದಕ್ಕೆ ಹೋಲಿಸಿದರೆ ಆ ದೇಶದ ಕಾಡುಗಳಲ್ಲಿ ನಿಂತ ಮರದ ಪ್ರಮಾಣ ಈಗ ಸುಮಾರು ಎರಡರಷ್ಟಾಗಿದೆ. ಈ ಅವಧಿಯಲ್ಲಿ ಕಡಿತ ನಿಂತಿತ್ತೆ? ಇಲ್ಲ. ಗಿರಣಿಗಳು ನಡೆದವು, ಹಲಗೆ, ಕಾಗದ ಪರದೇಶಕ್ಕೆ ಹೋಯಿತು. ಕಡಿಯುತ್ತಲೇ ಕಾಡು ಹೆಚ್ಚಿತು. ಲೆಕ್ಕ ಇಟ್ಟರೆ ಇದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಸಣ್ಣ ಒಡೆಯರ ಸಂಘ

ಕಾಯಿದೆ ಒಂದರಿಂದಲೇ ಎಲ್ಲ ಆಯಿತೆಂದು ತಿಳಿಯಬಾರದು. ಹೊಟ್ಟೆಗಿಲ್ಲದವನು ಕಾಯಿದೆಗೆ ಹೆದರಿ ಎಷ್ಟು ದಿನ ಮರ ಉಳಿಸಿಯಾನು? ಮರಕ್ಕೆ ನ್ಯಾಯವಾದ ಬೆಲೆ ಸಿಕ್ಕರೆ ಅವನು ಬಲಿಯುವವರೆಗೂ ಕಾಯುತ್ತಾನೆ. ಬೆಲೆ ಸಿಗದಿದ್ದರೆ ಸಾಲಗಾರ ಬಾಗಿಲಿಗೆ ಬಂದ ದಿನ ಎಳೆಯ ಮರವನ್ನೇ ಕಡಿಸುತ್ತಾನೆ. ಇದು ಕಾಡಿನ ವಿಚಾರದಲ್ಲಿ ಬಹಳ ಮುಖ್ಯವಾದ ಮಾತು, ಪಂಡಿತರು ಹಲವು ಸಲ ಮರೆಯುವ ಮಾತು.

ತೆಂಕಣ ಸ್ವೀಡನ್ನಿನ ಸಣ್ಣ ಒಡೆಯರು ಇದಕ್ಕೆ ಸಹಕಾರದ ದಾರಿ ಹಿಡಿದರು. ಅವರ ಸಂಘದ ಹೆಸರು ಸೊದ್ರಾ, ಎಂದರೆ ತೆಂಕಣದ್ದು ಎಂದರ್ಥ. ಅದರ ಹುಟ್ಟು 1938. ಇಂದು ಅದರಲ್ಲಿ ಸುಮಾರು ಐವತ್ತು ಸಾವಿರ ಸದಸ್ಯರಿದ್ದಾರೆ. ಒಬ್ಬೊಬ್ಬರೇ ಹೋಗಿ ಗಿರಣಿಯ ಬಾಗಿಲಲ್ಲಿ ಕೈ ಕಟ್ಟಿ ನಿಲ್ಲುವ ಬದಲು ಕೂಡಿ ಮಾರಿದರು. ಅಷ್ಟಕ್ಕೆ ನಿಲ್ಲಲಿಲ್ಲ. ತಮ್ಮ ಸಣ್ಣ ಮರಕ್ಕೆ ಕೊಳ್ಳುವವರು ಮನಸ್ಸಿಗೆ ಬಂದ ಬೆಲೆ ಕಟ್ಟುತ್ತಾರೆಂದು, ತಾವೇ ಗಿರಣಿ ಕಟ್ಟಿದರು. ಮೊನ್‌ಸ್ಟೆರೋಸ್, ಮೊರ್ರುಮ್, ವೆರೋ ಎಂಬ ಮೂರು ಊರುಗಳಲ್ಲಿ ಕಾಗದದ ತಿರುಳಿನ ದೊಡ್ಡ ಕಾರ್ಖಾನೆಗಳು ಈ ಸಂಘದವು. ಗರಗಸದ ಗಿರಣಿಗಳೂ ಅದಕ್ಕುಂಟು. ಕಾಡಿಗೆ ಒಡೆಯನಾದವನೇ ಗಿರಣಿಗೂ ಪಾಲುಗಾರನಾದರೆ ಗಿರಣಿಗೆ ನಾಳೆಯೂ ಮರ ಬೇಕೆಂಬ ಚಿಂತೆ ಅವನಿಗೆ ತಾನಾಗಿಯೇ ಹುಟ್ಟುತ್ತದೆ.

ವರ್ತಕ ಬಂಧುಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ದಿಮ್ಮಿಯನ್ನು ಅಳೆಯುವವರು ಯಾರು? ಕೊಳ್ಳುವವನು ಅಳೆದರೆ ಕಡಿಮೆ, ಮಾರುವವನು ಅಳೆದರೆ ಹೆಚ್ಚು. ಇದು ಎಲ್ಲ ದೇಶದ ಸಂತೆಯಲ್ಲಿಯೂ ಇರುವ ಜಗಳ. ಸ್ವೀಡನ್ನಿನಲ್ಲಿ ನಾಟಾದ ಅಳತೆಯ ಮೇಲೆ 1935ರಿಂದ ಕಾಯಿದೆಯ ಹಿಡಿತವಿದೆ. ಕೊಳ್ಳುವವರೂ ಮಾರುವವರೂ ಕೂಡಿ ನಡೆಸುವ ಅಳತೆಯ ಸಂಘಗಳಿದ್ದವು. ಅವು 2019ರಲ್ಲಿ ಒಂದಾಗಿ ಬಯೋಮೆಟ್ರಿಯಾ ಎಂಬ ಸಂಸ್ಥೆಯಾಯಿತು. ಗಿರಣಿಯ ಬಾಗಿಲಲ್ಲಿ ನಿಂತು ಅಳೆಯುವವನು ಗಿರಣಿಯ ಸಂಬಳದವನಲ್ಲ. ಈ ಒಂದು ಏರ್ಪಾಟು ಸಣ್ಣ ರೈತನಿಗೆ ಎಷ್ಟು ಧೈರ್ಯ ಕೊಟ್ಟಿರಬೇಕೆಂಬುದನ್ನು ಮಂಡಿಯಲ್ಲಿ ತೂಕದ ಜಗಳ ನೋಡಿದವರು ಬಲ್ಲರು.

ಅವರ ತಪ್ಪು

ಇಲ್ಲಿಗೆ ನಿಲ್ಲಿಸಿದರೆ ನಾವು ಸುಳ್ಳು ಹೇಳಿದಂತೆ ಆಗುತ್ತದೆ. ಅವರ ಲೆಕ್ಕದಲ್ಲಿ ದೊಡ್ಡದೊಂದು ಕೊರತೆಯೂ ಇತ್ತು. ಮರವನ್ನು ಎಣಿಸಿದರು, ಮರದ ಜೊತೆಗೆ ಕಾಡಿನಲ್ಲಿ ಇರತಕ್ಕ ಉಳಿದುದನ್ನು ಬಹುಕಾಲ ಎಣಿಸಲಿಲ್ಲ.

ಹೆಚ್ಚು ಇಳುವರಿ ಬರುತ್ತದೆಂದು ತೆಂಕಣದಲ್ಲಿ ಎಲ್ಲಿ ನೋಡಿದರೂ ಸ್ಪ್ರೂಸ್ ಒಂದನ್ನೇ ನೆಟ್ಟರು. ಅದರ ಬೇರು ನೆಲದ ಮೇಲ್ಪದರದಲ್ಲೇ ಹರಡುವಂಥದು. 2005ರ ಜನವರಿ 8 ಮತ್ತು 9ರ ರಾತ್ರಿ ಗುಡ್ರುನ್ ಎಂಬ ಹೆಸರಿನ ಬಿರುಗಾಳಿ ಬೀಸಿತು. ಒಂದೇ ರಾತ್ರಿಯಲ್ಲಿ ಏಳು ಕೋಟಿ ಘನ ಮೀಟರಿಗಿಂತ ಹೆಚ್ಚು ಮರ ನೆಲಕ್ಕೆ ಬಿತ್ತು. ಇಡೀ ದೇಶದಲ್ಲಿ ಒಂದು ವರ್ಷಕ್ಕೆ ಕಡಿಯುವ ಮರಕ್ಕೆ ಅದು ಹತ್ತಿರ ಹತ್ತಿರ ಸಮ. ಬಿದ್ದುದರಲ್ಲಿ ಬಹುಪಾಲು ಸ್ಪ್ರೂಸ್. ತಾತ ನೆಟ್ಟು ಮೊಮ್ಮಗ ಕಡಿಯಬೇಕಾದ ಕಾಡು ಬೆಳಗಾಗುವುದರೊಳಗೆ ಕಡ್ಡಿಗಳಂತೆ ಚೆಲ್ಲಿತ್ತು. ಬಿದ್ದ ಮರಗಳನ್ನು ಬಿಡಿಸಿ ಕೊಯ್ಯುವ ಕೆಲಸದಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಬಿಗಿಯಾಗಿ ಬಾಗಿ ನಿಂತ ಮರಕ್ಕೆ ಗರಗಸ ಹಾಕುವುದು ಎಷ್ಟು ಅಪಾಯವೆಂದು ಇಲ್ಲಿರುವವರಿಗೆ ನಾವು ಹೇಳಬೇಕಾಗಿಲ್ಲ. ಬ್ಯೂಹೊಲ್ಮಾ ಎಂಬಲ್ಲಿ ಹಳೆಯ ವಿಮಾನ ನಿಲ್ದಾಣದ ಮೇಲೆ ಸುಮಾರು ಹತ್ತು ಲಕ್ಷ ಘನ ಮೀಟರ್ ದಿಮ್ಮಿ ಪೇರಿಸಿ, ಹುಳು ಹತ್ತದಂತೆ ನೀರು ಚಿಮುಕಿಸುತ್ತ ಕಾಪಾಡಿದರು. ಬಿದ್ದು ಉಳಿದ ಮರದಲ್ಲಿ ತೊಗಟೆ ಹುಳು ಹುಟ್ಟಿ ನಿಂತ ಮರಗಳಿಗೂ ಹತ್ತಿತು. 2018ರ ಬರಗಾಲದ ಬೇಸಗೆಯ ಬೆನ್ನಿಗೆ ಆ ಹುಳುವಿನ ಕಾಟ ಮತ್ತೆ ಏರಿತು.

ಅಂಥ ಹೊತ್ತಿನಲ್ಲಿ ಸಣ್ಣ ಒಡೆಯನಿಗೆ ದಿಮ್ಮಿ ಕೊಳ್ಳಲು, ಕೂಡಿಡಲು ತನ್ನದೇ ಸಂಘವಿತ್ತು ಎಂಬುದು ನಿಜ. ಆದರೆ ಬಿದ್ದ ಕಡೆ ಮತ್ತೆ ಬಹುಮಟ್ಟಿಗೆ ಸ್ಪ್ರೂಸನ್ನೇ ನೆಟ್ಟರು ಎಂಬುದೂ ನಿಜ. ಪೈನ್ ನೆಟ್ಟರೆ ಮೂಸ್ ಎಂಬ ದೊಡ್ಡ ಕಾಡುಮೃಗ ಚಿಗುರು ತಿಂದುಹಾಕುತ್ತದೆ, ಬೇರೆ ಜಾತಿಯ ಮರದ ಮಾರುಕಟ್ಟೆ ಅಷ್ಟಿಲ್ಲ. ಪಾಠ ಕಲಿತರೂ ದುಡ್ಡಿನ ಎಳೆತ ಎಷ್ಟು ಬಲವಾದುದು ನೋಡಿ.

ಇನ್ನೊಂದು ಕೊರತೆ ಮನುಷ್ಯರದು. ಬಡಗಣದಲ್ಲಿ ಸಾಮಿ ಎಂಬ ಆದಿವಾಸಿ ಜನ ಹಿಮಸಾರಂಗಗಳನ್ನು ಸಾಕಿ ಬದುಕುತ್ತಾರೆ. ಚಳಿಗಾಲದಲ್ಲಿ ಆ ಪ್ರಾಣಿಗಳಿಗೆ ನೆಲದ ಮೇಲೂ ಹಳೆಯ ಮರಗಳ ಮೇಲೂ ಬೆಳೆಯುವ ಒಂದು ಬಗೆಯ ಕಲ್ಲುಹೂವೇ ಮೇವು. ಹಳೆಯ ಕಾಡು ಪೂರ್ತಿ ಬೋಳಾಗಿ ಕಡಿದುಹೋದರೆ ಆ ಮೇವು ಹೋಗುತ್ತದೆ. ಖಾಸಗಿ ಕಾಡಿನಲ್ಲಿ ಮೇಯಿಸುವ ಹಕ್ಕು ನಿಮಗಿಲ್ಲವೆಂದು ಒಡೆಯರು ನ್ಯಾಯಾಲಯಕ್ಕೆ ಹೋದರು. 2011ರಲ್ಲಿ ನೊರ್ಡ್‌ಮಾಲಿಂಗ್ ಮೊಕದ್ದಮೆಯಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಸಾಮಿ ಜನರ ಪರವಾಗಿ ತೀರ್ಪು ಕೊಟ್ಟಿತು. ಬಹುಕಾಲದ ರೂಢಿಯಿಂದ ಬಂದ ಹಕ್ಕು ಖಾಸಗಿ ನೆಲದ ಮೇಲೂ ಉಂಟು ಎಂದಿತು. 1994ರಿಂದ ಜಾರಿಗೆ ಬಂದ ಅಲ್ಲಿನ ಅರಣ್ಯ ಕಾಯಿದೆ ನಾಟಾದ ಇಳುವರಿಗೂ ಕಾಡಿನ ಜೀವರಾಶಿಗೂ ಸಮನಾದ ಸ್ಥಾನವೆಂದು ಹೇಳುತ್ತದೆ. ಮಾತಿನಲ್ಲಿ ಸಮ ಎಂದದ್ದು ನೆಲದ ಮೇಲೂ ಸಮವಾಗಿದೆಯೆ ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ.

ನಮ್ಮ ಕಡೆಯ ಮಾತು

ಇದೆಲ್ಲ ಹಿಮದ ದೇಶದ ಕಥೆ, ನಮಗೇನು ಎಂದು ಕೇಳಬಹುದು. ಅವರ ಮರ ನಮಗೆ ಬೇಡ. ಅವರ ಲೆಕ್ಕದಿಂದ ಕಲಿಯುವುದುಂಟು.

ನಮ್ಮಲ್ಲಿಯೂ ಕಾಯಿದೆಗಳಿಲ್ಲವೆಂದಲ್ಲ. ದಕ್ಷಿಣ ಕನ್ನಡ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿಯೇ, 1949ರಲ್ಲಿ, ನೂರು ಎಕರೆಗೆ ಮೇಲ್ಪಟ್ಟ ಖಾಸಗಿ ಕಾಡುಗಳ ರಕ್ಷಣೆಗೆ ಅಲ್ಲಿನ ಸರಕಾರ ಒಂದು ಕಾಯಿದೆ ಮಾಡಿತು. ಕಲೆಕ್ಟರ ಅನುಮತಿ ಇಲ್ಲದೆ ಕಡಿಯುವಂತಿರಲಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಸ್ವಂತ ಜಮೀನಿನ ಮರಕ್ಕೂ ಅನುಮತಿ ಬೇಕೆಂದಿತು, ಬದಲಿ ಸಸಿ ನೆಡಬೇಕೆಂದೂ ಹೇಳಿತು. ನೀಲಗಿರಿ, ಸಿಲ್ವರ್ ಓಕ್, ಗಾಳಿಮರದಂಥ ಕೆಲವು ಜಾತಿಗಳನ್ನು ಅನುಮತಿಯಿಂದ ಬಿಟ್ಟಿತು. ಆದರೆ ಅನುಮತಿ ಬೇರೆ, ಹೊಣೆ ಬೇರೆ. ಅನುಮತಿಯೆಂದರೆ ಕಡಿಯುವ ದಿನದ ಒಂದು ಕಾಗದ. ಹೊಣೆಯೆಂದರೆ ಕಡಿದ ಮೂರು ವರ್ಷದ ಮೇಲೆ ಅಲ್ಲಿ ಸಸಿ ನಿಂತಿದೆಯೆ ಎಂದು ಬಂದು ನೋಡುವ ಏರ್ಪಾಟು. ನಮ್ಮ ರೈತ ಕಾಗದಕ್ಕಾಗಿ ಅಲೆಯುತ್ತಾನೆ. ಸಸಿ ನೋಡಲು ಬಂದವರನ್ನು ನಿಮ್ಮಲ್ಲಿ ಎಷ್ಟು ಜನ ಕಂಡಿದ್ದೀರಿ?

ಲೆಕ್ಕವಿಲ್ಲದ ಕಡಿತದ ಬಿಲ್ಲು ಯಾರ ಕೈಗೆ ಬರುತ್ತದೆಂದು ಗೊತ್ತಾದದ್ದು 1996ರಲ್ಲಿ. ನೀಲಗಿರಿಯ ಗೂಡಲೂರಿನ ಕಾಡಿನ ಕಡಿತದ ಬಗ್ಗೆ ಗೋದವರ್ಮನ್ ತಿರುಮುಲ್ಪಾಡರು ಹೂಡಿದ್ದ ಮೊಕದ್ದಮೆಯಲ್ಲಿ ಆ ವರ್ಷದ ಡಿಸೆಂಬರ್ 12ರಂದು ನಮ್ಮ ಸರ್ವೋಚ್ಚ ನ್ಯಾಯಾಲಯ ಆಜ್ಞೆ ಮಾಡಿತು. ಕಾಡು ಎಂಬ ಮಾತಿಗೆ ನಿಘಂಟಿನಲ್ಲಿರುವ ಅರ್ಥವೇ ಅರ್ಥ, ಅದರ ಒಡೆಯರು ಯಾರೇ ಇರಲಿ ಎಂದಿತು. ಒಪ್ಪಿಗೆ ಪಡೆದ ಕಾರ್ಯಯೋಜನೆ ಇಲ್ಲದೆ ಕಾಡು ಕಡಿಯಬಾರದೆಂದಿತು. ಅರುಣಾಚಲ ಪ್ರದೇಶದ ಟಿರಾಪ್, ಚಾಂಗ್ಲಾಂಗ್ ಜಿಲ್ಲೆಗಳ ಗರಗಸದ ಮತ್ತು ಪ್ಲೈವುಡ್ ಗಿರಣಿಗಳನ್ನು, ಅವುಗಳ ಗಡಿಯಿಂದ ನೂರು ಕಿಲೋಮೀಟರ್ ಒಳಗಿನ ಅಸ್ಸಾಮಿನ ಗಿರಣಿಗಳನ್ನು ಕೂಡಲೆ ಮುಚ್ಚಿಸಿತು. ನ್ಯಾಯಾಲಯ ತಪ್ಪು ಮಾಡಿತೆಂದು ನಾವು ಹೇಳುವುದಿಲ್ಲ. ಆ ಮಟ್ಟಕ್ಕೆ ಕಡಿತ ಹೋಗಿತ್ತು. ಆದರೆ ಬೀಗ ಬಿದ್ದ ದಿನ ದಿಕ್ಕಿಲ್ಲದೆ ನಿಂತವನು ಯಾರು? ಕಡಿಸಿ ಲಾಭ ಮಾಡಿದವನಲ್ಲ. ಯಂತ್ರದ ಮುಂದೆ ನಿಂತವನು.

ಹಿರಿಯರೇ, ನಿಮ್ಮ ಪ್ರಶ್ನೆಗೆ ಉಳಿದ ಅರ್ಧ ಉತ್ತರ ಇದು. ಕಾಡು ನಿಮ್ಮದಲ್ಲದಿರಬಹುದು, ಕಾಡಿನ ನಾಳೆ ನಿಮ್ಮ ಕೂಲಿ. ವ್ಯಾಪಾರಿಗಳೇ, ನಿಮ್ಮ ಪ್ರಶ್ನೆಗೂ ಉತ್ತರ ಹೇಳುತ್ತೇವೆ. ಮರ ನಿಮ್ಮದು ನಿಜ. ಯಾರೂ ಅದನ್ನು ಕಿತ್ತುಕೊಳ್ಳುವುದು ಬೇಡ. ಆದರೆ ಮರದ ಬುಡದ ಮಣ್ಣು, ಆ ಮಣ್ಣಿನಿಂದ ಇಳಿಯುವ ಹಳ್ಳದ ನೀರು, ಆ ಮರವನ್ನು ನಂಬಿದ ಗಿರಣಿ, ಇವು ನಿಮ್ಮ ಒಬ್ಬರ ಕಾಲಕ್ಕೆ ಮುಗಿಯುವಂಥವಲ್ಲ. ಒಡೆತನ ಇರಲಿ, ಒಡೆತನದ ಜೊತೆಗೆ ಹೊಣೆಯೂ ಇರಲಿ. ಹೊಣೆ ಹೊರುವವನಿಗೆ ನ್ಯಾಯವಾದ ಬೆಲೆಯೂ ಇರಲಿ.

ನಾವು ಈಗ ಮಾಡಬಹುದಾದ ಕೆಲಸವೇನು? ದೊಡ್ಡ ಮಾತು ಬೇಡ, ಎರಡು ಸಣ್ಣ ಕೆಲಸ ಹೇಳುತ್ತೇವೆ.

ಒಂದು, ನಮ್ಮ ಸುತ್ತಿನ ಹಿಡುವಳಿಗಳಲ್ಲಿ ಸಿಲ್ವರ್ ಓಕ್, ನೀಲಗಿರಿ, ತೇಗ ಬೆಳೆದವರು ನಿಂತ ಮರವನ್ನು ಗುತ್ತಿಗೆದಾರನ ಕಣ್ಣಂದಾಜಿಗೆ ಒಟ್ಟು ಲೆಕ್ಕದಲ್ಲಿ ಮಾರುತ್ತಾರೆ. ಇನ್ನು ಮುಂದೆ ಹತ್ತು ಮಂದಿ ಕೂಡಿ, ಕಡಿದ ದಿಮ್ಮಿಯನ್ನು ಎರಡೂ ಕಡೆಯವರ ಮುಂದೆ ಟೇಪು ಹಿಡಿದು ಅಳೆದು ಮಾರಲಿ. ಎಳೆಯದನ್ನು ಕಡಿಯುವ ಆತುರ ಅರ್ಧ ಕಡಿಮೆಯಾಗುತ್ತದೆ. ನೆಡುವಾಗ ಒಂದೇ ಜಾತಿಯನ್ನು ನೆಡದೆ ನಾಲ್ಕಾರು ಜಾತಿ ನೆಡಲಿ. ಆ ಒಂದು ರಾತ್ರಿಯ ಬಿರುಗಾಳಿಯ ಕಥೆ ನೆನಪಿರಲಿ.

ಎರಡು, ಗಿರಣಿಯ ಕೆಲಸಗಾರರು ಒಂದು ಪುಸ್ತಕ ಇಡಬೇಕು. ದಿನಕ್ಕೆ ಬರುವ ದಿಮ್ಮಿಗಳಲ್ಲಿ ಹತ್ತರ ಸುತ್ತಳತೆ, ಮರದ ಜಾತಿ, ಬಂದ ಕಡೆ, ಇಷ್ಟನ್ನು ಬರೆದಿಡಿ. ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲಕ್ಕೆ ಒಂದೇ ಜಾತಿಯ ದಿಮ್ಮಿಯ ಸುತ್ತಳತೆ ಸಣ್ಣದಾಗುತ್ತ ಬಂದರೆ ಎಲ್ಲೋ ಅಸಲನ್ನು ತಿನ್ನುತ್ತಿದ್ದಾರೆಂದು ಅನುಮಾನಿಸಬೇಕು. ಕಾಡಿಗೆ ಹೋಗಿ ನೋಡಲು ನಮಗೆ ಬಿಡುವಿಲ್ಲ. ಆದರೆ ಕಾಡು ದಿನಾ ನ

ಮ್ಮ ಗರಗಸದ ಮುಂದೆ ಬಂದು ಮಲಗುತ್ತದೆ. ಅದನ್ನು ಓದುವುದನ್ನು ಕಲಿಯೋಣ. ಮುಂದಿನ ವರ್ಷ ಇದೇ ತಿಂಗಳ ಕೂಟಕ್ಕೆ ಆ ಪುಸ್ತಕ ತನ್ನಿ. ಎಲ್ಲರೂ ಕುಳಿತು ಕೂಡಿ ಕಳೆದು ನೋಡೋಣ.

 ಸುಣ್ಣದ ಗೋಡೆಯ ಬಳಿ ಕುಳಿತ ಇಬ್ಬರು ಕೈ ಎತ್ತಿದ್ದಾರೆ, ಪ್ರಶ್ನೆ ಕೇಳಲಿ.